ಅಲ್ಪ ಹಣಕ್ಕೆ ಕಿರು ಕ್ಯಾಮೆರಾ: ಆಯ್ಕೆಯ ಹಿಂದಿರುವ ವಿಜ್ಞಾನ

ಹಂಪೆಯ ಕಲ್ಲಿನ ರಥವನ್ನು ಕಾಣದ ಕನ್ನಡಿಗರು ವಿರಳ. ಆದರೆ ಆ ರಥದ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದು ಇತ್ತೆಂಬುದನ್ನು ಅರಿತವರು ಅದಕ್ಕಿಂತಲೂ ವಿರಳ. ಇಂದು ಆ ಶಿಖರವಿಲ್ಲ. ಅದು ಹೇಗಿತ್ತೆಂದು ನಾವು ಕಣ್ಣಾರೆ ಕಾಣುವುದು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ೧೮೫೬ರ ಸುಮಾರಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ. ಆತನು ಮೇಣ ಹಚ್ಚಿದ ಕಾಗದವನ್ನು ಬೆಳ್ಳಿಯ ಲವಣಗಳಲ್ಲಿ ಅದ್ದಿ, ದೊಡ್ಡ ಪೆಟ್ಟಿಗೆಯಂತಹ ಕ್ಯಾಮೆರಾದಲ್ಲಿಟ್ಟು ಚಿತ್ರ ಹಿಡಿದನು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸುಮಾರು ಒಂದೂಕಾಲು ಶತಮಾನದಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ತಾನೇ ಗೋಚರಿಸುತ್ತದೆ.

ಹಂಪೆಯಿಂದ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಬಂದರೆ ಆನೆಗೊಂದಿ. ಅಲ್ಲಿಂದ ಮುಂದೆ ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ನಾಡು. ಈ ನಾಡಿನಲ್ಲಿ ದಾಖಲೆಗೆ ಅರ್ಹವಾದುದು ಕಡಿಮೆಯೇನಲ್ಲ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಯುಗದ ಪರಂಪರೆಯನ್ನು ನೆನಪಿಸುವ ನೂರಾರು ಬೃಹತ್ ಶಿಲಾಸಮಾಧಿಗಳಿವೆ. ೨೦೨೧ರಲ್ಲಿ ಅವು ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಇಟಗಿಯಲ್ಲಿ ಕ್ರಿ.ಶ. ೧೧೧೨ರಲ್ಲಿ ಚಾಲುಕ್ಯ ದಂಡನಾಯಕ ಮಹಾದೇವನು ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಬಂಕಾಪುರದ ಕುರುಚಲು ಕಾಡಿನಲ್ಲಿ ತೋಳಗಳಿವೆ. ಕುಷ್ಟಗಿಯ ಬಳಿಯ ನಿಡಶೇಸಿ ಕೆರೆಗೆ ಹಕ್ಕಿಗಳು ಬರುತ್ತವೆ. ಇವನ್ನೆಲ್ಲ ಚಿತ್ರಿಸಿಡಬೇಕೆಂಬ ಉತ್ಸಾಹ ವಿದ್ಯಾರ್ಥಿಗಳಲ್ಲಿ ಇಲ್ಲದಿಲ್ಲ, ಇಲ್ಲದಿರುವುದು ಹಣ. ಎಂಟು ಸಾವಿರ ರೂಪಾಯಿಗಳನ್ನು ಒಂದು ವರ್ಷವೆಲ್ಲ ಕೂಡಿಸಿದ ವಿದ್ಯಾರ್ಥಿಗೆ ತಪ್ಪು ಕ್ಯಾಮೆರಾ ಕೊಳ್ಳುವುದೆಂದರೆ ಆ ಒಂದು ವರ್ಷವನ್ನೇ ಕಳೆದುಕೊಂಡಂತೆ. ಅಂಗಡಿಯವನ ಮಾತಿಗಿಂತ ಭೌತವಿಜ್ಞಾನದ ಮಾತು ಇಲ್ಲಿ ಹೆಚ್ಚು ನಂಬಲರ್ಹವಾದುದು. ಅದೇನು ಹೇಳುತ್ತದೆಂಬುದನ್ನು ಪರಿಶೀಲಿಸೋಣ.

ಮಾರುಕಟ್ಟೆಯ ಇಂದಿನ ಸ್ಥಿತಿ

ಜೇಬಿನಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾಗಳ ಸುಗ್ಗಿಯ ಕಾಲ ಮುಗಿದುಹೋಗಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ, ಮಸೂರವನ್ನು ಕಳಚಲು ಬಾರದಂತಹ ಕ್ಯಾಮೆರಾಗಳು ೨೦೧೦ರಲ್ಲಿ ಹತ್ತು ಕೋಟಿಗೂ ಮೀರಿ ಕಾರ್ಖಾನೆಗಳಿಂದ ಹೊರಟವು. ೨೦೨೩ರಲ್ಲಿ ಅವುಗಳ ಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟಲಿಲ್ಲ. ಅವುಗಳ ಸ್ಥಾನವನ್ನು ಮೊಬೈಲ್ ಫೋನು ಆಕ್ರಮಿಸಿತು. ಹೆಸರಾಂತ ತಯಾರಕರು ಅಗ್ಗದ ಮಾದರಿಗಳನ್ನು ಬಹುಮಟ್ಟಿಗೆ ಕೈಬಿಟ್ಟು, ದುಬಾರಿಯಾದ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಹೀಗಾಗಿ ಅಲ್ಪ ಹಣವುಳ್ಳವನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಕೈಯಲ್ಲಿರುವ ಫೋನಿನಿಂದಲೇ ತೃಪ್ತಿಪಡುವುದು. ಎರಡನೆಯದು, ಹೆಸರು ಕೇಳದ ತಯಾರಕರ ಹೊಸ ಕ್ಯಾಮೆರಾವನ್ನು ಕೊಳ್ಳುವುದು. ಮೂರನೆಯದು, ಹೆಸರಾಂತ ತಯಾರಕರ ಹಳೆಯ ಕ್ಯಾಮೆರಾವನ್ನು ಬಳಸಿದವರಿಂದ ಕೊಳ್ಳುವುದು. ಯಾವುದು ಮೇಲು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಯಾವ ವಸ್ತುವನ್ನು ಚಿತ್ರಿಸಬೇಕಾಗಿದೆ ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ.

ಬೆಳಕು ಚಿತ್ರವಾಗುವ ಬಗೆ

ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಹೊರಬೀಳುವ ವಿದ್ಯಮಾನವನ್ನು ೧೯೦೫ರಲ್ಲಿ ಐನ್‌ಸ್ಟೈನರು ವಿವರಿಸಿದರು. ಬೆಳಕು ಫೋಟಾನುಗಳೆಂಬ ಬಿಡಿಬಿಡಿ ಕಣಗಳಂತೆ ವರ್ತಿಸುತ್ತದೆಂಬುದು ಆ ವಿವರಣೆಯ ತಿರುಳು. ಡಿಜಿಟಲ್ ಕ್ಯಾಮೆರಾದ ಸಂವೇದಕದಲ್ಲಿ ನಡೆಯುವುದೂ ಇದಕ್ಕೆ ಬಂಧುವಾದ ಕ್ರಿಯೆಯೇ. ಸಿಲಿಕಾನ್ ಎಂಬ ಅರೆವಾಹಕದ ತೆಳುಹಲ್ಲೆಯ ಮೇಲೆ ಫೋಟಾನು ಬಿದ್ದಾಗ ಎಲೆಕ್ಟ್ರಾನೊಂದು ಬಂಧನದಿಂದ ಬಿಡುಗಡೆ ಹೊಂದುತ್ತದೆ. ಹಲ್ಲೆಯನ್ನು ಲಕ್ಷಾಂತರ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿ ಎಷ್ಟೆಷ್ಟು ಎಲೆಕ್ಟ್ರಾನುಗಳು ಕೂಡಿದವೆಂದು ಎಣಿಸಿದರೆ ಚಿತ್ರ ಸಿದ್ಧವಾಯಿತು. ಈ ಚೌಕಕ್ಕೇ ಪಿಕ್ಸೆಲ್ ಎಂದು ಹೆಸರು. ಹತ್ತು ಲಕ್ಷ ಪಿಕ್ಸೆಲುಗಳು ಸೇರಿ ಒಂದು ಮೆಗಾಪಿಕ್ಸೆಲ್.

ಇಂತಹ ಸಂವೇದಕಗಳಲ್ಲಿ ಮೊದಲನೆಯ ಬಗೆಯನ್ನು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಲ್ಪಿಸಿದರು. ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ೧೯೭೫ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದುದು ಕೇವಲ ಹತ್ತು ಸಾವಿರ ಪಿಕ್ಸೆಲು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆದುಕೊಳ್ಳಲು ಅದಕ್ಕೆ ೨೩ ಸೆಕೆಂಡು ಬೇಕಾಗಿತ್ತು.

ಮಳೆ ಮತ್ತು ಪಾತ್ರೆ

ಒಂದು ಸಾಮ್ಯವನ್ನು ತೆಗೆದುಕೊಳ್ಳೋಣ. ಮಳೆ ಬರುವಾಗ ಅಂಗಳದಲ್ಲಿ ಒಂದು ಹಂಡೆಯನ್ನೂ ಒಂದು ಲೋಟವನ್ನೂ ಇಟ್ಟೆವೆನ್ನಿ. ಬಾಯಿ ಅಗಲವಾದ ಹಂಡೆಯಲ್ಲಿ ಹೆಚ್ಚು ಹನಿಗಳು ಬೀಳುತ್ತವೆ. ಧಾರಾಕಾರ ಮಳೆಯಲ್ಲಿ ಎರಡೂ ತುಂಬುತ್ತವೆ. ಆದರೆ ತುಂತುರು ಮಳೆಯಲ್ಲಿ ಲೋಟಕ್ಕೆ ಬೀಳುವುದು ನಾಲ್ಕೋ ಐದೋ ಹನಿ. ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಲೋಟವಿಟ್ಟರೆ ಅದರಲ್ಲಿ ಎರಡು ಹನಿ ಬಿದ್ದೀತು, ಅಥವಾ ಎಂಟು. ಮಳೆ ಎರಡರ ಮೇಲೂ ಸಮನಾಗಿಯೇ ಸುರಿದರೂ ಹನಿಗಳ ಎಣಿಕೆಯಲ್ಲಿ ಏರುಪೇರು ತಪ್ಪದು.

ಫೋಟಾನುಗಳ ಮಳೆಯೂ ಹೀಗೆಯೇ. ಒಂದು ಪಿಕ್ಸೆಲಿನಲ್ಲಿ ಸರಾಸರಿ ೧೦,೦೦೦ ಫೋಟಾನುಗಳು ಬಿದ್ದರೆ ಅವುಗಳ ಏರುಪೇರು ಅದರ ವರ್ಗಮೂಲ, ಅಂದರೆ ಸುಮಾರು ೧೦೦, ಶೇಕಡಾ ಒಂದು. ಅದು ಕಣ್ಣಿಗೆ ತಿಳಿಯದು. ಬೀಳುವವು ೧೦೦ ಮಾತ್ರವಾದರೆ ಏರುಪೇರು ೧೦, ಶೇಕಡಾ ಹತ್ತು. ನಯವಾಗಿ ಕಾಣಬೇಕಾದ ಗೋಡೆ ಆಗ ರವೆ ಚೆಲ್ಲಿದಂತೆ ಕಾಳುಕಾಳಾಗಿ ಕಾಣುತ್ತದೆ. ಮಬ್ಬುಬೆಳಕಿನಲ್ಲಿ ತೆಗೆದ ಚಿತ್ರಗಳು ಕೆಡುವುದು ಇದರಿಂದಲೇ. ‘ಐಎಸ್‌ಒ’ ಎಂಬ ಅಂಕಿಯನ್ನು ಏರಿಸಿದರೆ ಚಿತ್ರ ಬೆಳಗಾಗುವುದು ನಿಜ; ಆದರೆ ಅದು ಹನಿಗಳನ್ನು ಹೆಚ್ಚಿಸುವುದಿಲ್ಲ, ಬಿದ್ದಷ್ಟೇ ಹನಿಗಳ ಲೆಕ್ಕವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಜೊತೆಗೆ ಏರುಪೇರೂ ದೊಡ್ಡದಾಗುತ್ತದೆ.

ಆದುದರಿಂದ ಕ್ಯಾಮೆರಾ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ, ಸಂವೇದಕದ ವಿಸ್ತೀರ್ಣವೆಷ್ಟು ಎಂಬುದು. ಸಾಮಾನ್ಯ ಕಿರು ಕ್ಯಾಮೆರಾಗಳಲ್ಲಿರುವುದು ‘೧/೨.೩ ಅಂಗುಲ’ ಎಂಬ ಸಂವೇದಕ. ಅದರ ನಿಜವಾದ ಅಳತೆ ಸುಮಾರು ೬.೨ ಮಿಲಿಮೀಟರ್ ಉದ್ದ, ೪.೬ ಮಿಲಿಮೀಟರ್ ಅಗಲ. ವಿಸ್ತೀರ್ಣ ೨೮ ಚದರ ಮಿಲಿಮೀಟರ್. ನಮ್ಮ ಕಿರುಬೆರಳಿನ ಉಗುರಿಗಿಂತಲೂ ಅದು ಚಿಕ್ಕದು. ‘೧/೧.೭ ಅಂಗುಲ’ದ್ದು ಸುಮಾರು ೪೩ ಚದರ ಮಿಲಿಮೀಟರ್. ‘೧ ಅಂಗುಲ’ದ್ದು ೧೧೬ ಚದರ ಮಿಲಿಮೀಟರ್; ಅಂದರೆ ಮೊದಲನೆಯದರ ನಾಲ್ಕು ಪಟ್ಟಿಗೂ ಸ್ವಲ್ಪ ಹೆಚ್ಚು.

ಈ ಅಂಗುಲಗಳ ಹೆಸರು ನಂಬತಕ್ಕದ್ದಲ್ಲ. ‘೧ ಅಂಗುಲ’ದ ಸಂವೇದಕದ ಕರ್ಣರೇಖೆ ೨೫.೪ ಮಿಲಿಮೀಟರ್ ಇರಬೇಕಷ್ಟೆ? ಇರುವುದು ೧೬ ಮಾತ್ರ. ಹಳೆಯ ಕಾಲದ ಟೆಲಿವಿಷನ್ ಕ್ಯಾಮೆರಾಗಳ ಗಾಜಿನ ಕೊಳವೆಗಳನ್ನು ಅವುಗಳ ಹೊರವ್ಯಾಸದಿಂದ ಹೆಸರಿಸುತ್ತಿದ್ದರು; ಬೆಳಕನ್ನು ಗ್ರಹಿಸುವ ಭಾಗ ಅದಕ್ಕಿಂತ ಕಿರಿದಾಗಿರುತ್ತಿತ್ತು. ಕೊಳವೆಗಳು ಹೋದರೂ ಹೆಸರಿಡುವ ಪದ್ಧತಿ ಉಳಿದುಕೊಂಡಿತು.

ಮಸೂರದ ಬಳೆಯನ್ನು ಓದುವುದು

ಸಂವೇದಕದ ಅಳತೆಯನ್ನು ಮಾರುವವನು ಹೇಳದಿದ್ದರೆ ಏನು ಮಾಡಬೇಕು? ಅದನ್ನು ವಿದ್ಯಾರ್ಥಿಯೇ ಕಂಡುಹಿಡಿಯಬಹುದು. ಬಹುತೇಕ ಕ್ಯಾಮೆರಾಗಳಲ್ಲಿ ಮಸೂರದ ಸುತ್ತಲಿನ ಬಳೆಯ ಮೇಲೆ ಒಂದು ಬರೆಹವಿರುತ್ತದೆ. ಉದಾಹರಣೆಗೆ: ‘೪.೫–೪೫.೦ ಮಿಮೀ, ೧:೩.೦–೫.೯’. ಮೊದಲ ಜೋಡಿ ಮಸೂರದ ನಿಜವಾದ ಸಂಗಮದೂರ, ಅದು ೪.೫ರಿಂದ ೪೫ ಮಿಲಿಮೀಟರಿನವರೆಗೆ ಬದಲಾಗುತ್ತದೆ, ಅರ್ಥಾತ್ ಹತ್ತು ಪಟ್ಟು ಜೂಮ್ ಇದೆ. ಜಾಹೀರಾತಿನಲ್ಲಾದರೋ ‘೨೫–೨೫೦ ಮಿಮೀ’ ಎಂದಿರುತ್ತದೆ. ಇದು ೩೫ ಮಿಲಿಮೀಟರಿನ ಹಳೆಯ ಫಿಲ್ಮಿಗೆ ಹೋಲಿಸಿ ಹೇಳುವ ಲೆಕ್ಕ. ಆ ಫಿಲ್ಮಿನ ಚೌಕಟ್ಟಿನ ಕರ್ಣರೇಖೆ ೪೩.೩ ಮಿಲಿಮೀಟರ್. ೨೫ನ್ನು ೪.೫ರಿಂದ ಭಾಗಿಸಿದರೆ ಸುಮಾರು ೫.೬, ೪೩.೩ನ್ನು ೫.೬ರಿಂದ ಭಾಗಿಸಿದರೆ ೭.೭. ಸಂವೇದಕದ ಕರ್ಣರೇಖೆ ೭.೭ ಮಿಲಿಮೀಟರ್ ಎಂದಾಯಿತು; ಅದು ‘೧/೨.೩ ಅಂಗುಲ’ದ ಸಂವೇದಕ.

ಇದೇ ರೀತಿ ಸೋನಿ ಸಂಸ್ಥೆ ೨೦೧೨ರಲ್ಲಿ ಹೊರತಂದ ಆರ್‌ಎಕ್ಸ್೧೦೦ ಎಂಬ ಕ್ಯಾಮೆರಾದ ಸಂಗಮದೂರ ೧೦.೪ರಿಂದ ೩೭.೧ ಮಿಲಿಮೀಟರ್, ಫಿಲ್ಮಿನ ಲೆಕ್ಕದಲ್ಲಿ ೨೮ರಿಂದ ೧೦೦. ೨೮ನ್ನು ೧೦.೪ರಿಂದ ಭಾಗಿಸಿದರೆ ೨.೭, ಕರ್ಣರೇಖೆ ೧೬ ಮಿಲಿಮೀಟರ್. ಎರಡು ಭಾಗಾಕಾರಗಳಿಂದ ಮಾರುವವನ ಮೌನವನ್ನು ಮುರಿದಂತಾಯಿತು.

ಬಳೆಯ ಮೇಲಿನ ಎರಡನೆಯ ಜೋಡಿ, ೩.೦–೫.೯, ಎಫ್-ಸಂಖ್ಯೆಯೆಂದು ಪ್ರಸಿದ್ಧವಾದುದು. ಸಂಗಮದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಲಬ್ಧವೇ ಇದು. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಒಳಬರುವ ಬೆಳಕು ಇದರ ವರ್ಗಕ್ಕೆ ವಿಲೋಮವಾಗಿರುವುದರಿಂದ, ಎಫ್/೨ ಮಸೂರವು ಎಫ್/೨.೮ ಮಸೂರದ ಎರಡು ಪಟ್ಟು ಬೆಳಕನ್ನು ಬಿಡುತ್ತದೆ.

ಮೆಗಾಪಿಕ್ಸೆಲಿನ ಮಾಯೆ

ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಬರೆದಿರುವುದು ಮೆಗಾಪಿಕ್ಸೆಲಿನ ಸಂಖ್ಯೆ. ಅದು ಹೆಚ್ಚಿದ್ದಷ್ಟೂ ಚಿತ್ರ ಮೇಲೆಂಬುದು ಜನರ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ?

ಮೊದಲು ನಮಗೆ ಎಷ್ಟು ಬೇಕೆಂದು ನೋಡೋಣ. ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ ೩೦೦ ಬಿಂದುಗಳು ಸಾಕು. ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ಫೋಟೋಕ್ಕೆ ಬೇಕಾದುದು ೧೮೦೦ × ೧೨೦೦, ಅಂದರೆ ೨.೨ ಮೆಗಾಪಿಕ್ಸೆಲ್. ಎ-೪ ಹಾಳೆಯಷ್ಟು ದೊಡ್ಡದಾಗಿ ಮುದ್ರಿಸಲು ಸುಮಾರು ೮.೭. ಕಾಲೇಜಿನ ವಾರ್ಷಿಕ ಸಂಚಿಕೆಯ ರಕ್ಷಾಪುಟಕ್ಕೂ ಹತ್ತು ಮೆಗಾಪಿಕ್ಸೆಲ್ ಧಾರಾಳವಾಯಿತು.

ಇನ್ನು ಹೆಚ್ಚಿದ್ದರೆ ನಷ್ಟವೇನು? ಇಲ್ಲಿ ಬೆಳಕಿನ ತರಂಗಸ್ವಭಾವ ಅಡ್ಡಬರುತ್ತದೆ. ಕಿರಿದಾದ ಕಿಂಡಿಯೊಳಗೆ ತೂರಿದ ಬೆಳಕು ವಿವರ್ತನೆ ಹೊಂದಿ ಹರಡಿಕೊಳ್ಳುತ್ತದೆ. ಮಸೂರ ಎಷ್ಟೇ ನಿರ್ದುಷ್ಟವಾಗಿದ್ದರೂ ನಕ್ಷತ್ರದ ಬಿಂಬ ಬಿಂದುವಾಗದೆ ಒಂದು ಚಿಕ್ಕ ಬಿಲ್ಲೆಯಾಗುತ್ತದೆ. ಆ ಬಿಲ್ಲೆಯ ಗಾತ್ರವನ್ನು ೧೮೩೫ರಲ್ಲಿ ಜಾರ್ಜ್ ಏರಿ ಎಂಬ ಖಗೋಳಜ್ಞನು ಗಣಿಸಿದನು: ಅದರ ವ್ಯಾಸವು ತರಂಗದೂರ, ಎಫ್-ಸಂಖ್ಯೆ ಮತ್ತು ೨.೪೪ ಇವುಗಳ ಗುಣಲಬ್ಧ. ಹಸಿರು ಬೆಳಕಿನ ತರಂಗದೂರ ೦.೫೫ ಮೈಕ್ರಾನ್, ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎಫ್/೩ ಆದಾಗ ಬಿಲ್ಲೆಯ ವ್ಯಾಸ ೪ ಮೈಕ್ರಾನ್, ಎಫ್/೫.೯ ಆದಾಗ ಸುಮಾರು ೮ ಮೈಕ್ರಾನ್.

ಈಗ ೨೮ ಚದರ ಮಿಲಿಮೀಟರಿನ ಸಂವೇದಕದಲ್ಲಿ ೧೬ ಮೆಗಾಪಿಕ್ಸೆಲುಗಳನ್ನು ತುಂಬಿದರೆ ಒಂದೊಂದರ ಅಗಲ ಸುಮಾರು ೧.೩ ಮೈಕ್ರಾನ್. ಜೂಮನ್ನು ಪೂರ್ತಿ ಚಾಚಿದಾಗ ಒಂದೇ ಬಿಂದುವಿನ ಬೆಳಕು ಆರು ಪಿಕ್ಸೆಲುಗಳಷ್ಟು ಅಗಲಕ್ಕೆ ಹರಡುತ್ತದೆ! ಪಿಕ್ಸೆಲುಗಳನ್ನು ಇನ್ನೂ ಸಣ್ಣದಾಗಿ ಕತ್ತರಿಸಿದರೆ ಹೊಸ ವಿವರವೇನೂ ದೊರೆಯದು. ರಂಗೋಲಿಯ ಪುಡಿಯನ್ನು ದಪ್ಪ ಬೆರಳುಗಳಿಂದ ಬಿಡುವವನು ನೆಲದ ಮೇಲೆ ಎಷ್ಟು ಒತ್ತಾಗಿ ಚುಕ್ಕೆಗಳನ್ನಿಟ್ಟರೂ ಎಳೆ ತೆಳುವಾಗದಷ್ಟೆ.

ತಯಾರಕರೂ ಇದನ್ನು ಅರಿಯದವರಲ್ಲ. ೨೦೦೮ರಲ್ಲಿ ಕ್ಯಾನನ್ ಸಂಸ್ಥೆಯ ಜಿ೧೦ ಕ್ಯಾಮೆರಾದಲ್ಲಿ ೧೪.೭ ಮೆಗಾಪಿಕ್ಸೆಲುಗಳಿದ್ದವು. ಮರುವರ್ಷ ಬಂದ ಜಿ೧೧ರಲ್ಲಿ ಅದನ್ನು ೧೦ಕ್ಕೆ ಇಳಿಸಿದರು. ಮಬ್ಬುಬೆಳಕಿನಲ್ಲಿ ಚಿತ್ರ ಸುಧಾರಿಸಲಿ ಎಂಬುದು ಅದರ ಉದ್ದೇಶವಾಗಿತ್ತು. ಹೊಸ ಮಾದರಿಯಲ್ಲಿ ಸಂಖ್ಯೆ ತಗ್ಗಿದ ಈ ಪ್ರಸಂಗವನ್ನು ಕೊಳ್ಳುವವರು ನೆನಪಿಡತಕ್ಕದ್ದು.

ಹೆಸರು ಕೇಳದ ಅಗ್ಗದ ಕ್ಯಾಮೆರಾಗಳಲ್ಲಿ ‘೪೮ ಮೆಗಾಪಿಕ್ಸೆಲ್’, ‘೬೪ ಮೆಗಾಪಿಕ್ಸೆಲ್’ ಎಂದು ಬರೆದಿರುವುದುಂಟು. ಇವುಗಳಲ್ಲಿ ಅನೇಕವು ಕೆಲವೇ ಮೆಗಾಪಿಕ್ಸೆಲುಗಳ ಸಂವೇದಕದಿಂದ ಚಿತ್ರ ತೆಗೆದು, ನಡುವಣ ಬಿಂದುಗಳನ್ನು ಲೆಕ್ಕಾಚಾರದಿಂದ ತುಂಬುತ್ತವೆ. ಒಂದು ಸೇರು ಹಾಲಿಗೆ ಮೂರು ಸೇರು ನೀರು ಬೆರೆಸಿ ನಾಲ್ಕು ಸೇರೆಂದು ಅಳೆದುಕೊಟ್ಟಂತೆ. ಜೂಮಿನಲ್ಲಿ ಮಸೂರ ಚಲಿಸದ, ಸಂಗಮದೂರವನ್ನು ಬರೆಯದ ಇಂತಹ ಕ್ಯಾಮೆರಾಗಳಿಗಿಂತ ಕೈಯಲ್ಲಿರುವ ಫೋನೇ ಮೇಲು.

ಫೋನಿನ ಬಲ, ಫೋನಿನ ಮಿತಿ

ಫೋನನ್ನು ಹೀಗಳೆಯಬೇಕಾಗಿಲ್ಲ. ಇಂದಿನ ಅನೇಕ ಮಧ್ಯಮ ಬೆಲೆಯ ಫೋನುಗಳ ಮುಖ್ಯ ಸಂವೇದಕವು ‘೧/೨.೩ ಅಂಗುಲ’ದ್ದಕ್ಕಿಂತ ದೊಡ್ಡದಾಗಿಯೇ ಇದೆ. ಅದರ ಜೊತೆಗೆ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು ಸರಾಸರಿ ಮಾಡುತ್ತದೆ. ಒಂಬತ್ತು ಚಿತ್ರಗಳ ಸರಾಸರಿಯಲ್ಲಿ ಏರುಪೇರು ಮೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಮನೆಯ ಸಮಾರಂಭ, ತರಗತಿಯ ಪ್ರಯೋಗ, ಪುಸ್ತಕದ ಪುಟ, ಹೊಲದ ಬೆಳೆ, ಇವುಗಳಿಗಾಗಿ ಸಾಮಾನ್ಯ ಕಿರು ಕ್ಯಾಮೆರಾವನ್ನು ಕೊಳ್ಳುವುದು ಹಣದ ಅಪವ್ಯಯವೆಂದೇ ಹೇಳಬೇಕು.

ಫೋನು ಸೋಲುವುದು ದೂರದಲ್ಲಿ. ಬಂಕಾಪುರದ ಬಯಲಿನಲ್ಲಿ ನೂರು ಮೀಟರ್ ಆಚೆ ತೋಳವೊಂದು ನಿಂತಿದೆಯೆನ್ನೋಣ. ಭುಜದವರೆಗಿನ ಎತ್ತರ ೭೦ ಸೆಂಟಿಮೀಟರ್. ಬಿಂಬದ ಎತ್ತರವು ಸಂಗಮದೂರವನ್ನು ವಸ್ತುವಿನ ಎತ್ತರದಿಂದ ಗುಣಿಸಿ ದೂರದಿಂದ ಭಾಗಿಸಿದಷ್ಟು. ಮೇಲೆ ಹೇಳಿದ ಹದಿನಾರು ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಜೂಮನ್ನು ಬಳಸದೆ, ೪.೫ ಮಿಲಿಮೀಟರಿನ ಸಂಗಮದೂರದಲ್ಲಿ ತೆಗೆದರೆ ಬಿಂಬದ ಎತ್ತರ ಮಿಲಿಮೀಟರಿನ ಮೂವತ್ತೆರಡನೆಯ ಒಂದು ಭಾಗ. ಅದರಲ್ಲಿ ಹಿಡಿಯುವುದು ಸುಮಾರು ೨೪ ಪಿಕ್ಸೆಲು. ತೋಳವೋ ನಾಯಿಯೋ ಕಲ್ಲೋ ಎಂದು ತಿಳಿಯುವುದು ಕಷ್ಟ. ಫೋನಿನ ಮುಖ್ಯ ಮಸೂರದ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ೪೫ ಮಿಲಿಮೀಟರಿಗೆ ಚಾಚಿದರೆ ಪಿಕ್ಸೆಲುಗಳು ಸುಮಾರು ೨೩೫ ಆಗುತ್ತವೆ.

‘ಡಿಜಿಟಲ್ ಜೂಮ್’ ಎಂಬುದರಿಂದ ಈ ಲಾಭವಿಲ್ಲ. ಅದು ಇಪ್ಪತ್ತನಾಲ್ಕು ಪಿಕ್ಸೆಲುಗಳನ್ನೇ ಹಿಗ್ಗಿಸಿ ತೋರಿಸುತ್ತದೆ. ಮಸೂರವು ನಿಜವಾಗಿ ಚಲಿಸುವ ‘ಆಪ್ಟಿಕಲ್ ಜೂಮ್’ ಮಾತ್ರ ಲೆಕ್ಕಕ್ಕೆ ಬರುವಂಥದು.

ಇನ್ನೂ ಒಂದು ಸೂಕ್ಷ್ಮವಿದೆ. ೪೫ನ್ನು ೫.೯ರಿಂದ ಭಾಗಿಸಿದರೆ ಕಿಂಡಿಯ ವ್ಯಾಸ ೭.೬ ಮಿಲಿಮೀಟರ್. ವಿವರ್ತನೆಯ ನಿಯಮದಂತೆ ಇಷ್ಟು ಕಿಂಡಿಯುಳ್ಳ ಕ್ಯಾಮೆರಾ ನೂರು ಮೀಟರ್ ದೂರದಲ್ಲಿ ಸುಮಾರು ೯ ಮಿಲಿಮೀಟರ್ ಅಂತರದ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಕಾಣಬಲ್ಲುದು. ಜೂಮಿಲ್ಲದಾಗ ಕಿಂಡಿ ಒಂದೂವರೆ ಮಿಲಿಮೀಟರ್ ಮಾತ್ರ. ಆಗ ಬೇಕಾಗುವ ಅಂತರ ನಾಲ್ಕೂವರೆ ಸೆಂಟಿಮೀಟರ್. ತೋಳದ ಕಿವಿಯ ಆಕಾರ ಮೊದಲನೆಯದರಲ್ಲಿ ಕಾಣುತ್ತದೆ, ಎರಡನೆಯದರಲ್ಲಿ ಕಾಣದು. ಹಕ್ಕಿಗಳ, ಪ್ರಾಣಿಗಳ ಚಿತ್ರಕ್ಕಾಗಿ ಎರಡು ಕ್ಯಾಮೆರಾಗಳನ್ನು ಹೋಲಿಸುವಾಗ ‘ಎಷ್ಟು ಪಟ್ಟು ಜೂಮ್’ ಎಂದು ಕೇಳುವುದಕ್ಕಿಂತ, ಅತ್ಯಧಿಕ ಸಂಗಮದೂರವನ್ನು ಅದರ ಎಫ್-ಸಂಖ್ಯೆಯಿಂದ ಭಾಗಿಸಿ, ಲಬ್ಧ ಯಾವುದರಲ್ಲಿ ದೊಡ್ಡದೆಂದು ನೋಡುವುದು ಉತ್ತಮ.

ಹಣವಿಲ್ಲದವನು ಕಾಲವನ್ನು ಕೊಳ್ಳಲಿ

ಚಿತ್ರಕ್ಕೆ ಒದಗುವ ಬೆಳಕು ಮೂರರ ಗುಣಲಬ್ಧ: ಸಂವೇದಕದ ವಿಸ್ತೀರ್ಣ, ಕಿಂಡಿಯ ವಿಶಾಲತೆ, ಬೆಳಕು ಬೀಳುವ ಕಾಲ. ಮೊದಲ ಎರಡಕ್ಕೆ ಹಣ ಬೇಕು. ಮೂರನೆಯದು ಪುಕ್ಕಟೆಯಾಗಿ ದೊರೆಯುತ್ತದೆ.

ಇಟಗಿಯ ಗುಡಿಯ ಒಳಗಣ ಮಂಟಪವನ್ನು ತೆಗೆದುಕೊಳ್ಳೋಣ. ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದರೂ ಒಳಗಿನ ಕಂಬಗಳ ಮೇಲೆ ಮಬ್ಬುಬೆಳಕು. ಆರ್‌ಎಕ್ಸ್೧೦೦ರ ಸಂವೇದಕ ಸಾಮಾನ್ಯ ಕಿರು ಕ್ಯಾಮೆರಾದ ನಾಲ್ಕು ಪಟ್ಟು. ಅದರ ಮಸೂರ ಎಫ್/೧.೮, ಸಾಮಾನ್ಯದ್ದು ಎಫ್/೩.೩ ಎಂದಿಟ್ಟುಕೊಂಡರೆ ಕಿಂಡಿಯ ಲಾಭ ಸುಮಾರು ೩.೪ ಪಟ್ಟು. ಒಟ್ಟು ಹದಿನಾಲ್ಕು ಪಟ್ಟು ಬೆಳಕು. ಸಾಮಾನ್ಯ ಕ್ಯಾಮೆರಾಕ್ಕೆ ಕಾಲು ಸೆಕೆಂಡು ಬೇಕಾದಲ್ಲಿ ಇದಕ್ಕೆ ಸೆಕೆಂಡಿನ ಐವತ್ತಾರನೆಯ ಒಂದು ಭಾಗ ಸಾಕು. ಐವತ್ತಾರನೆಯ ಒಂದು ಭಾಗದಷ್ಟು ಕಾಲ ಕೈಯನ್ನು ಸ್ಥಿರವಾಗಿ ಹಿಡಿಯಬಹುದು. ಕಾಲು ಸೆಕೆಂಡು ಹಿಡಿಯುವುದು ಅಸಾಧ್ಯ.

ಆದರೆ ಕಂಬದ ಮೇಲಿನ ಶಿಲ್ಪ ಒಂಬೈನೂರು ವರ್ಷಗಳಿಂದ ಅಲುಗಿಲ್ಲ. ಇನ್ನು ಕಾಲು ಸೆಕೆಂಡು ಅಲುಗದೆ ನಿಲ್ಲುವುದರಲ್ಲಿ ಸಂದೇಹವೇನು? ಸಾಮಾನ್ಯ ಕ್ಯಾಮೆರಾವನ್ನೇ ಮುಕ್ಕಾಲಿಯ ಮೇಲೆ, ಅಥವಾ ಮರಳು ತುಂಬಿದ ಬಟ್ಟೆಯ ಚೀಲದ ಮೇಲೆ ಇಟ್ಟು, ಐಎಸ್‌ಒ ಅಂಕಿಯನ್ನು ಕನಿಷ್ಠಕ್ಕೆ ಇಳಿಸಿ, ಎರಡು ಸೆಕೆಂಡುಗಳ ‘ಸ್ವಯಂಗಡಿಯಾರ’ವನ್ನು ಬಳಸಿ ತೆಗೆದರೆ ದುಬಾರಿ ಕ್ಯಾಮೆರಾದ ಚಿತ್ರಕ್ಕೆ ಅದು ಸರಿದೊರೆಯಾದೀತು. ಗುಂಡಿಯೊತ್ತುವ ಬೆರಳಿನ ನಡುಕವೂ ಅದರಿಂದ ತಪ್ಪುತ್ತದೆ.

ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ. ಚಿತ್ರಿಸಬೇಕಾದ ವಸ್ತು ನಿಶ್ಚಲವಾಗಿದ್ದರೆ ಅಗ್ಗದ ಕ್ಯಾಮೆರಾ ಮತ್ತು ಒಳ್ಳೆಯ ಮುಕ್ಕಾಲಿ ಸಾಕು. ಗುಡಿ, ಶಾಸನ, ಬೃಹತ್ ಶಿಲಾಸಮಾಧಿ, ಕಿನ್ನಾಳದ ಗೊಂಬೆ ಈ ಗುಂಪಿಗೆ ಸೇರಿದವು. ವಸ್ತು ಚಲಿಸುತ್ತಿದ್ದು ಬೆಳಕೂ ಕಡಿಮೆಯಾಗಿದ್ದರೆ, ಉದಾಹರಣೆಗೆ ರಾತ್ರಿಯ ಬಯಲಾಟ ಅಥವಾ ಜಾತ್ರೆಯ ಸಂಜೆ, ದೊಡ್ಡ ಸಂವೇದಕ ಮತ್ತು ದೊಡ್ಡ ಕಿಂಡಿಗೆ ಬದಲಿಯಿಲ್ಲ. ಹಣ ಕೂಡುವವರೆಗೆ ಕಾಯಬೇಕು. ವಸ್ತು ಚಲಿಸುತ್ತಿದ್ದರೂ ಹಗಲಿನ ಬಿಸಿಲಿದ್ದು ದೂರ ಹೆಚ್ಚಾಗಿದ್ದರೆ ಸಣ್ಣ ಸಂವೇದಕವೂ ನಡೆದೀತು. ಉದ್ದದ ಜೂಮ್ ಬೇಕು.

ಫ್ಲಾಷ್ ದೀಪವನ್ನು ನೆಚ್ಚಿಕೊಳ್ಳುವುದು ಬೇಡ. ಅದರ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಒಂದು ಮೀಟರ್ ದೂರದ ಕಂಬದ ಮೇಲೆ ಬೀಳುವ ಬೆಳಕಿನ ಹದಿನಾರರಲ್ಲೊಂದು ಭಾಗ ಮಾತ್ರ ನಾಲ್ಕು ಮೀಟರಿನ ಕಂಬವನ್ನು ತಲಪುತ್ತದೆ. ಮುಂದಿನದು ಬೆಳ್ಳಗೆ, ಹಿಂದಿನದು ಕಪ್ಪಗೆ. ಶಾಸನಕ್ಕಂತೂ ಎದುರಿನ ಬೆಳಕು ಶತ್ರು. ಅಕ್ಷರಗಳ ಕೊರೆತ ಕಾಣಬೇಕಾದರೆ ನೆರಳು ಬೇಕು. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಬೀಳಬೇಕು. ಬೆಳಗಿನ ಎಳೆಬಿಸಿಲಿಗೆ ಕಾಯುವುದರಿಂದ, ಅಥವಾ ಮುಖ ನೋಡುವ ಕನ್ನಡಿಯೊಂದರಿಂದ ಬಿಸಿಲನ್ನು ತಿರುಗಿಸುವುದರಿಂದ ಈ ಕೆಲಸ ಸಾಧ್ಯ. ಯಾವ ಕ್ಯಾಮೆರಾದ ಬೆಲೆಯೂ ಇದನ್ನು ಒದಗಿಸದು.

ಬ್ಯಾಟರಿ, ಕಾರ್ಡು, ಧೂಳು

ಹಳೆಯ ಕ್ಯಾಮೆರಾ ಕೊಳ್ಳುವವನು ಅದರ ಆಹಾರದ ವಿಚಾರವನ್ನೂ ಮಾಡಬೇಕು. ಒಂದೊಂದು ಮಾದರಿಗೂ ಬೇರೆಬೇರೆ ಲಿಥಿಯಂ ಬ್ಯಾಟರಿ. ತಯಾರಿಕೆ ನಿಂತುಹೋದ ಮಾದರಿಯ ಬ್ಯಾಟರಿ ಸಿಕ್ಕದಿದ್ದರೆ ಕ್ಯಾಮೆರಾ ಪೆಟ್ಟಿಗೆಯಾಗಿ ಉಳಿಯುತ್ತದೆ. ಕೆಲವು ಮಾದರಿಗಳು ಗೋಡೆಗಡಿಯಾರಕ್ಕೆ ಹಾಕುವಂತಹ ‘ಎಎ’ ಅಳತೆಯ ಸೆಲ್ಲುಗಳಿಂದ ನಡೆಯುತ್ತವೆ. ಹಳ್ಳಿಗಾಡಿನಲ್ಲಿ ಇದು ದೊಡ್ಡ ಅನುಕೂಲ. ಆದರೆ ಅಗ್ಗದ ಸತು-ಇಂಗಾಲದ ಸೆಲ್ಲು ಹಾಕಿದರೆ ಕೆಲವೇ ಚಿತ್ರಗಳ ನಂತರ ಕ್ಯಾಮೆರಾ ‘ಬ್ಯಾಟರಿ ಮುಗಿಯಿತು’ ಎನ್ನುತ್ತದೆ. ಅದೇ ಸೆಲ್ಲು ಗಡಿಯಾರವನ್ನು ತಿಂಗಳುಗಟ್ಟಲೆ ನಡೆಸಬಲ್ಲುದು. ಕಾರಣ ಸೆಲ್ಲಿನ ಆಂತರಿಕ ರೋಧ. ಕ್ಯಾಮೆರಾ ಹೆಚ್ಚಿನ ವಿದ್ಯುತ್‌ಪ್ರವಾಹವನ್ನು ಸೆಳೆದಾಗ ಆ ರೋಧದಲ್ಲೇ ವೋಲ್ಟೇಜು ಕುಸಿಯುತ್ತದೆ. ರೋಧ ಕಡಿಮೆಯಿರುವ, ಮತ್ತೆ ಮತ್ತೆ ತುಂಬಬಹುದಾದ ನಿಕೆಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳೇ ಇದಕ್ಕೆ ಯೋಗ್ಯ.

ಕಾರ್ಡಿನ ವಿಷಯದಲ್ಲಿಯೂ ಎಚ್ಚರ ಬೇಕು. ೪ 'ಜಿಬಿ'ಯಿಂದ ೩೨ 'ಜಿಬಿ'ವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಬಂದುದು ೨೦೦೬ರಲ್ಲಿ. ಅದಕ್ಕೂ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ ೨ 'ಜಿಬಿ'ಗಿಂತ ದೊಡ್ಡ ಕಾರ್ಡನ್ನು ಗುರುತಿಸವು. ಎಕ್ಸ್‌ಡಿ ಕಾರ್ಡು ಬೇಡುವ ಕ್ಯಾಮೆರಾವನ್ನು ಅಗ್ಗವೆಂದು ಕೊಳ್ಳಬಾರದು. ಆ ಕಾರ್ಡುಗಳ ಕಾಲ ಮುಗಿದಿದೆ.

ನಮ್ಮ ಸೀಮೆಯ ಎರಡು ಶತ್ರುಗಳು ಧೂಳು ಮತ್ತು ಬಿಸಿಲು. ಜೂಮ್ ಮಸೂರವು ಹೊರಚಾಚಿ ಒಳಸೇರುವಾಗ ಒಲೆಯೂದುವ ತಿದಿಯಂತೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯ ಜೊತೆಗೆ ಧೂಳನ್ನೂ. ಗಾಳಿ ಬೀಸುವ ಬಯಲಿನಲ್ಲಿ ಕ್ಯಾಮೆರಾವನ್ನು ಮತ್ತೆ ಮತ್ತೆ ಚಾಲೂ ಮಾಡಿ ಆರಿಸುವುದು ಸಲ್ಲದು. ಶಾಖದಿಂದ ಇನ್ನೊಂದು ತೊಡಕು. ಬೆಳಕಿಲ್ಲದಿದ್ದರೂ ಶಾಖದ ಬಲದಿಂದಲೇ ಸಂವೇದಕದಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಉಷ್ಣತೆ ಪ್ರತಿ ೬ರಿಂದ ೮ ಡಿಗ್ರಿ ಏರಿದಂತೆ ಇವುಗಳ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ. ೨೫ ಡಿಗ್ರಿಯ ಕೋಣೆಗಿಂತ ೪೦ ಡಿಗ್ರಿಯ ಬೇಸಗೆಯಲ್ಲಿ ಅವು ನಾಲ್ಕು ಪಟ್ಟಾದಾವು. ದೀರ್ಘಕಾಲ ಬೆಳಕು ಬಿಡುವ ಚಿತ್ರಗಳನ್ನು ತಂಪುಹೊತ್ತಿನಲ್ಲಿ ತೆಗೆಯುವುದು ಲೇಸು.

ಹಳೆಯ ಕ್ಯಾಮೆರಾದ ಪರೀಕ್ಷೆ

ಹಳೆಯದನ್ನು ಕೊಳ್ಳುವ ಮುನ್ನ ಕೆಳಗಿನ ಐದು ಪರೀಕ್ಷೆಗಳನ್ನು ಮಾಡತಕ್ಕದ್ದು. ಹತ್ತು ನಿಮಿಷಗಳಿಗಿಂತ ಹೆಚ್ಚು ಕಾಲ ಬೇಡ.

೧. ವೃತ್ತಪತ್ರಿಕೆಯ ಒಂದು ಪೂರ್ಣ ಪುಟವನ್ನು ಗೋಡೆಗೆ ಅಂಟಿಸಿ, ಎದುರಿಗೆ ನೇರವಾಗಿ ನಿಂತು ಚಿತ್ರ ತೆಗೆಯಿರಿ. ಚಿತ್ರವನ್ನು ದೊಡ್ಡದು ಮಾಡಿ ನಾಲ್ಕು ಮೂಲೆಗಳ ಅಕ್ಷರಗಳನ್ನು ಓದಿರಿ. ನಾಲ್ಕೂ ಸ್ವಲ್ಪ ಮಸುಕಾಗಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆ ಮಸುಕಾಗಿದ್ದರೆ ಮಸೂರ ಓರೆಯಾಗಿದೆ, ಕ್ಯಾಮೆರಾ ಕೆಳಗೆ ಬಿದ್ದಿರಬಹುದು.

೨. ಮಸೂರವನ್ನು ಅಂಗೈಯಿಂದ ಮುಚ್ಚಿ ಒಂದು ಸೆಕೆಂಡಿನ ಚಿತ್ರ ತೆಗೆಯಿರಿ. ಕಪ್ಪಿನ ನಡುವೆ ಕೆಂಪು, ನೀಲಿ ಚುಕ್ಕೆಗಳು ಬಹಳ ಕಂಡರೆ ಸಂವೇದಕ ಸವೆದಿದೆ.

೩. ಮೋಡವಿಲ್ಲದ ಆಕಾಶವನ್ನು ಪೂರ್ತಿ ಜೂಮಿನಲ್ಲಿ ಚಿತ್ರಿಸಿರಿ. ಒಂದೇ ಸ್ಥಾನದಲ್ಲಿ ಮತ್ತೆ ಮತ್ತೆ ಬೂದು ಕಲೆ ಕಂಡರೆ ಒಳಗೆ ಧೂಳು ಸೇರಿದೆ.

೪. ಟಾರ್ಚಿನ ಬೆಳಕನ್ನು ಮಸೂರದೊಳಗೆ ಓರೆಯಾಗಿ ಬಿಟ್ಟು ನೋಡಿರಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ತೇವದ ಕರಾವಳಿಯಿಂದ ಬಂದ ಕ್ಯಾಮೆರಾಗಳಲ್ಲಿ ಇದು ಹೆಚ್ಚು.

೫. ಜೂಮನ್ನು ಹತ್ತು ಬಾರಿ ಚಾಚಿ ಸೇರಿಸಿರಿ. ಕರಕರ ಸದ್ದಾದರೆ, ನಡುವೆ ತಡೆದರೆ, ಆ ಕ್ಯಾಮೆರಾವನ್ನು ಬಿಟ್ಟುಬಿಡಿರಿ.

ಇವೆಲ್ಲದರ ಜೊತೆಗೆ ಮೂಲ ರಸೀದಿಯನ್ನು ಕೇಳಿ, ಅದರ ಸಂಖ್ಯೆಯೂ ಕ್ಯಾಮೆರಾದ ಅಡಿಯಲ್ಲಿರುವ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಬೇಕು. ಕದ್ದ ಮಾಲು ಅಗ್ಗವಾಗಿಯೇ ಬರುತ್ತದೆ. ದೂರದ ಊರಿನಿಂದ ಅಂಚೆಯ ಮೂಲಕ ತರಿಸುವುದಾದರೆ ಹಿಂದಿರುಗಿಸುವ ಅವಕಾಶವಿದ್ದಲ್ಲಿ ಮಾತ್ರ ಹಣ ಕೊಡಬೇಕು.

ಹಣದ ಹಂಚಿಕೆ

ಇದ್ದ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯುವುದು ಸಾಮಾನ್ಯವಾದ ತಪ್ಪು. ನಾಲ್ಕರಲ್ಲಿ ಒಂದು ಪಾಲನ್ನು ಕಾರ್ಡು, ಹೆಚ್ಚಿನ ಬ್ಯಾಟರಿ ಮತ್ತು ಮುಕ್ಕಾಲಿಗೆ ಮೀಸಲಿಡಬೇಕು. ಎಂಟು ಸಾವಿರ ರೂಪಾಯಿಯಿದ್ದರೆ ಕ್ಯಾಮೆರಾಕ್ಕೆ ಆರು ಸಾವಿರವೇ ಮಿತಿ. ಒಬ್ಬನಿಂದ ಆಗದಿದ್ದರೆ ತರಗತಿಯ ಆರು ಮಂದಿ ಕೂಡಿ ವಿಜ್ಞಾನ ಸಂಘದ ಹೆಸರಿನಲ್ಲಿ ಕೊಳ್ಳಬಹುದು. ಜೂಮ್ ಕ್ಯಾಮೆರಾ ಒಂದು, ಎಲ್ಲರ ಕೈಯ ಫೋನುಗಳು, ಮುಕ್ಕಾಲಿ ಒಂದು, ಕನ್ನಡಿ ಒಂದು: ಒಂದು ತಾಲೂಕಿನ ಶಾಸನ, ಶಿಲ್ಪ, ಹಕ್ಕಿಗಳನ್ನು ದಾಖಲಿಸಲು ಇಷ್ಟು ಸಾಕು.

ದಾಖಲೆಯೆಂದ ಮೇಲೆ ಅದಕ್ಕೊಂದು ಶಿಸ್ತಿದೆ. ಕ್ಯಾಮೆರಾದೊಳಗಿನ ದಿನಾಂಕವನ್ನು ಸರಿಪಡಿಸಿರಿ. ಶಿಲ್ಪದ ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನಿಟ್ಟು ಒಂದು ಚಿತ್ರವನ್ನೂ, ಪಟ್ಟಿಯಿಲ್ಲದೆ ಇನ್ನೊಂದನ್ನೂ ತೆಗೆಯಿರಿ. ಎಲ್ಲಿ ನಿಂತು ತೆಗೆದಿರೆಂದು ನೋಟುಪುಸ್ತಕದಲ್ಲಿ ಬರೆಯಿರಿ. ಮುಂದೊಂದು ದಿನ ಇನ್ನೊಬ್ಬರು ಅದೇ ಸ್ಥಳದಲ್ಲಿ ನಿಂತು ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಚಿತ್ರಗಳ ಎರಡು ಪ್ರತಿಗಳನ್ನು ಎರಡು ಬೇರೆಬೇರೆ ಮನೆಗಳಲ್ಲಿಡಿರಿ. ಮೇಣದ ಕಾಗದ ನೂರೈವತ್ತು ವರ್ಷಗಳನ್ನು ದಾಟಿ ಬದುಕಿದೆ. ನಮ್ಮ ಕಾರ್ಡು ಒಂದೇ ಗಳಿಗೆಯಲ್ಲಿ ಸಾಯಬಹುದು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಈಗಾಗಲೇ ಒರಗಿರುವ ಕಲ್ಲುಗಳಿವೆ. ಇನ್ನೂ ನೆಟ್ಟಗೆ ನಿಂತಿರುವವನ್ನು ಈ ಚಳಿಗಾಲದ ರಜೆಯಲ್ಲಿಯೇ ಎಣಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ನಾಲ್ಕೂ ದಿಕ್ಕುಗಳಿಂದ ಚಿತ್ರಿಸುವ ಕೆಲಸವನ್ನು ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ಕೈಗೊಳ್ಳಬಹುದು.